ತಪಾಸಣೆ ದಾಟಿ ಬರುವ ಆ್ಯಪ್‌ಗಳು

ಮಾನ್ಯರೇ,

ಪ್ಲೇ ಸ್ಟೋರ್‌ನಲ್ಲಿದೆ ಎಂದ ಮಾತ್ರಕ್ಕೆ ಆ್ಯಪ್ ಸುರಕ್ಷಿತವಲ್ಲ. ‘ಜೋಕರ್’ ಎಂಬ ಕುತಂತ್ರಾಂಶದ ಜಾತಿಯ ಸುಮಾರು 1,700 ಆ್ಯಪ್‌ಗಳನ್ನು ತೆಗೆದುಹಾಕಿದ್ದಾಗಿ ಗೂಗಲ್ 2020ರ ಜನವರಿಯಲ್ಲೇ ಹೇಳಿತ್ತು; ಆಮೇಲೂ ಅದು ವೇಷ ಬದಲಿಸಿ ಬಂತು. ಪರಿಶೀಲನೆಯ ವೇಳೆ ಆ್ಯಪ್ ಸಾಚಾ. ಫೋನಿಗೆ ಇಳಿದ ಮೇಲೆ ಹೊರಗಿನ ಸರ್ವರ್‌ನಿಂದ ಕೇಡಿನ ಕೋಡ್ ತರಿಸಿಕೊಳ್ಳುತ್ತದೆ. ಎಸ್‌ಎಂಎಸ್ ಓದಿ, ಒಟಿಪಿ ತಾನೇ ತುಂಬಿ, ದುಬಾರಿ ಚಂದಾಕ್ಕೆ ಸೇರಿಸಿಬಿಡುತ್ತದೆ. ವಾಲ್‌ಪೇಪರ್ ಆ್ಯಪ್‌ಗೆ ಎಸ್‌ಎಂಎಸ್ ಯಾಕೆ ಬೇಕು ಹೇಳಿ?

ಅಂಗವಿಕಲರ ನೆರವಿಗೆಂದು ಇರುವ ‘ಆಕ್ಸೆಸಿಬಿಲಿಟಿ’ ಅನುಮತಿಯಂತೂ ಮನೆಯ ಬೀಗದ ಕೈಯೇ: ಸಿಕ್ಕರೆ ಕೇಡಿನ ಆ್ಯಪ್ ಪರದೆ ಓದುತ್ತದೆ, ನಿಮ್ಮ ಬದಲು ಗುಂಡಿ ಒತ್ತುತ್ತದೆ, ಅಳಿಸಲೂ ಬಿಡದು. ಅಂಥದ್ದು ಹೊಕ್ಕಿದ್ದರೆ ಡೇಟಾ, ವೈಫೈ ಆಫ್ ಮಾಡಿ, ನಾವು ಹಾಕಿಕೊಂಡ ಆ್ಯಪ್‌ಗಳು ಓಡದ ‘ಸೇಫ್ ಮೋಡ್‌’ನಲ್ಲಿ ಫೋನ್ ತೆರೆದು, ಅನುಮತಿ ಕಿತ್ತು, ಬಳಿಕ ಅನ್‌ಇನ್‌ಸ್ಟಾಲ್ ಮಾಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸ್ಟೋರ್‌ಗಳು ಪ್ರತಿ ಅಪ್‌ಡೇಟನ್ನೂ ಹೊಸ ಆ್ಯಪ್‌ನಷ್ಟೇ ಬಿಗಿಯಾಗಿ ಜಾಲಾಡಲಿ.

– ಮೊಬೈಲ್ ಭದ್ರತಾ ತಂತ್ರಜ್ಞರು, ಬೆಂಗಳೂರು