ಮಗಳಿಗೊಂದು ಪತ್ರ: ನನಗೆ ಬೇಕಾದದ್ದು, ಬೇಡವಾದದ್ದು

ಮೂಡಿಗೆರೆ

ಚಿ. ಸೌ. ಮಗಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಕಳೆದ ಸಲ ನೀನು ಊರಿಗೆ ಬಂದಿದ್ದಾಗ, ನನ್ನ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮಾತೆತ್ತಿದೆ. "ಬಿಡ್ತು ಅನ್ನಮ್ಮ, ಈಗ್ಯಾಕೆ ಅದೆಲ್ಲ" ಎಂದು ನೀನು ಎದ್ದು ಒಳಗೆ ಹೋದೆ. ನನಗೆ ಬೇಸರವಾಗಲಿಲ್ಲ, ಎದುರು ಕೂತು ಆಡಲಾಗದ್ದನ್ನು ಕಾಗದದಲ್ಲಿ ಬರೆಯಬಹುದೆಂದು ಬರೆಯುತ್ತಿದ್ದೇನೆ. ನನಗೀಗ 72 ವರ್ಷ. ಸಕ್ಕರೆ, ಬಿಪಿ ಎರಡೂ ಹತೋಟಿಯಲ್ಲಿವೆ, ಬುದ್ಧಿ ನೆಟ್ಟಗಿದೆ. ಈ ವಿಷಯ ತೀರ್ಮಾನಿಸಲು ಇದೇ ತಕ್ಕ ಕಾಲ.

ನಿಮ್ಮಪ್ಪನಿಗೆ ಲಕ್ವ ಹೊಡೆದ ದಿನ ಆ ಮಳೆಯಲ್ಲಿ ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದದ್ದು ನಿನಗೆ ನೆನಪಿದೆ. ವೆಂಟಿಲೇಟರ್ ಹಾಕಲು ಸಹಿ ಬೇಕೆಂದು ಡಾಕ್ಟರು ಕೇಳಿದಾಗ ನಿನ್ನ ಅಣ್ಣ ನನ್ನ ಮುಖ ನೋಡಿದ, ನಾನು ನಿನ್ನ ಮುಖ ನೋಡಿದೆ. 44 ವರ್ಷ ಸಂಸಾರ ಮಾಡಿದ್ದರೂ ಆ ಒಂದು ಪ್ರಶ್ನೆಗೆ ಅವರು ಏನೆನ್ನುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಎಡಗೈ ಬಿದ್ದುಹೋಗಿತ್ತು, ನಳಿಕೆ ಕಿತ್ತುಕೊಂಡಾರೆಂದು, ಇನ್ನೂ ಆಡುತ್ತಿದ್ದ ಬಲಗೈಯನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಒಳಗೆ ಬಿಟ್ಟ ಹತ್ತು ನಿಮಿಷದಲ್ಲಿ ನಾನು ಆ ಗಂಟಿನ ಕೆಳಗೆ ಬೆರಳು ತೂರಿಸಿ ಮಣಿಕಟ್ಟು ಸವರುತ್ತಿದ್ದೆ, ಅಲ್ಲಿ ಚರ್ಮ ಕೆಂಪಗೆ ಗೆರೆಗಟ್ಟಿತ್ತು. ಹನ್ನೊಂದು ದಿನ ಹೀಗೇ ಕಳೆಯಿತು. ಡಾಕ್ಟರನ್ನು ನಾನು ದೂರುವುದಿಲ್ಲ. ಅವರು ಕೇಳಿದ್ದಕ್ಕೆ ಉತ್ತರ ನಮ್ಮ ಬಳಿ ಇರಲಿಲ್ಲ, ಏಕೆಂದರೆ ನಾವು ಯಾರೂ ನಿಮ್ಮಪ್ಪನನ್ನು ಮೊದಲೇ ಕೇಳಿರಲಿಲ್ಲ. ನೀವಿಬ್ಬರೂ ಅಂಥದ್ದೊಂದು ಬಾಗಿಲ ಮುಂದೆ ಹಾಗೆ ನಿಲ್ಲಬಾರದೆಂಬುದೇ ನನ್ನ ಆಸೆ.

ಅದಕ್ಕಾಗಿ ನಾನು ಮುಂಗಡ ವೈದ್ಯಕೀಯ ನಿರ್ದೇಶನವನ್ನು ಬರೆಸಿದ್ದೇನೆ. ಮುಂದೆ ನನಗೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಈಗಲೇ ಬರೆದಿಡುವ ಪತ್ರವಿದು, ಲಿವಿಂಗ್ ವಿಲ್ ಎಂದು ಕರೆಯುವುದೂ ಇದನ್ನೇ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಇದಕ್ಕೆ ಮಾನ್ಯತೆ ಕೊಟ್ಟಿತು. ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿದ್ದರಿಂದ ಜನ ಅದರ ಗೋಜಿಗೆ ಹೋಗುತ್ತಿರಲಿಲ್ಲ. 2023ರ ಜನವರಿಯಲ್ಲಿ ಕೋರ್ಟು ನಿಯಮ ಸಡಿಲಿಸಿದ ಮೇಲೆ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ನನ್ನ ಪರವಾಗಿ ಮಾತಾಡುವವರೆಂದು ನಿನ್ನ ಹೆಸರನ್ನೂ ಅಣ್ಣನ ಹೆಸರನ್ನೂ ಬರೆಸಿದ್ದೇನೆ.

ಇದು ಸೂಜಿ ಚುಚ್ಚಿ ಸಾಯಿಸುವ ಮಾತಲ್ಲ, ಅದಕ್ಕೆ ನಮ್ಮ ಕಾನೂನು ಒಪ್ಪುವುದೂ ಇಲ್ಲ. ಸೊಂಟ ಮುರಿದರೆ ಆಪರೇಷನ್ ಮಾಡಿಸಿ, ನ್ಯುಮೋನಿಯಾ ಬಂದರೆ ಆ್ಯಂಟಿಬಯಾಟಿಕ್ ಕೊಡಿಸಿ. ಎದ್ದು ಓಡಾಡುವ ಆಸೆ ಇರುವವರೆಗೂ ನನಗೆ ಬದುಕು ಬೇಕು. ಇನ್ನು ಚೇತರಿಕೆಯಿಲ್ಲವೆಂದು ಆಸ್ಪತ್ರೆಯ ವೈದ್ಯರ ಮಂಡಳಿ ಹೇಳಿ, ಎರಡನೆಯ ಮಂಡಳಿಯೂ ಅದನ್ನೇ ಒಪ್ಪಿದರೆ ಮಾತ್ರ ವೆಂಟಿಲೇಟರ್ ಬೇಡ, ಮೂಗಿನಿಂದ ಆಹಾರ ಹಾಕುವ ನಳಿಕೆಯೂ ಬೇಡ. ನೋವಿಗೆ ಮಾತ್ರ ಔಷಧ ಬೇಕು. ಮಾರ್ಫಿನ್ ಎಂದ ಕೂಡಲೇ ಹೆದರಬೇಡ. ತಿಳಿದವರು ಅಳತೆಯಲ್ಲಿ ಕೊಟ್ಟರೆ ಅದು ನೋವನ್ನೂ ಉಸಿರಿನ ಸಂಕಟವನ್ನೂ ತಗ್ಗಿಸುತ್ತದೆ.

ನಿನ್ನ ಅಜ್ಜಿ ಹೋದದ್ದು ಇದೇ ಮನೆಯಲ್ಲಿ, ಹಜಾರದ ಕಿಟಕಿಯ ಪಕ್ಕ. ಕೊನೆಗೆ ಊಟ ಬಿಟ್ಟಾಗ ನಾನು ಹಟ ಹಿಡಿದು ಗಂಜಿ ಹಾಕಲು ಹೋದೆ, ಅವರು ಕೆಮ್ಮಿ ಕೆಮ್ಮಿ ನೀಲಿಗಟ್ಟಿದರು. ಮುಗಿಯುತ್ತಿರುವ ದೇಹ ಅನ್ನ ಕೇಳುವುದಿಲ್ಲವೆಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಒತ್ತುತ್ತಿದ್ದೆ, ಒಣಗಿದ ತುಟಿ ಅದನ್ನು ಮೆಲ್ಲಗೆ ಹೀರುತ್ತಿತ್ತು. ಕಾಲು ತಣ್ಣಗಾಗುತ್ತದೆ, ಉಸಿರು ತಡೆತಡೆದು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. ನೋಡುವವರಿಗೆ ಭಯವಾಗುತ್ತದೆ, ಆದರೆ ಅದು ಸಾವು ಬರುವ ಸಹಜ ರೀತಿ. ನನಗೂ ಹಾಗಾದಾಗ ಗಾಬರಿಯಲ್ಲಿ ಘಾಟಿ ಇಳಿಸಬೇಡಿ, ಕೈ ಹಿಡಿದು ಪಕ್ಕದಲ್ಲಿ ಕೂತಿರಿ.

ನಾನು ಬಹಳ ಕಾಲ ಹಾಸಿಗೆ ಹಿಡಿದರೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನೀನು ಬೆಂಗಳೂರಿನ ಕೆಲಸ ಬಿಟ್ಟು ಬರಬೇಡ, ಎಲ್ಲವನ್ನೂ ಅತ್ತಿಗೆಯ ತಲೆಗೆ ಕಟ್ಟಲೂ ಬೇಡ. ಅವಳು ಈ ಮನೆಗೆ ಬಂದದ್ದು ಸೊಸೆಯಾಗಿ, ದಾದಿಯಾಗಿ ಅಲ್ಲ. ಆಳಿಟ್ಟುಕೊಳ್ಳಲು ನನ್ನ ಹೆಸರಿನ ಠೇವಣಿಯನ್ನೇ ಬಳಸಿ, ಅದನ್ನು ಕೂಡಿಟ್ಟದ್ದೇ ಅದಕ್ಕೆ. ಮೈ ತೊಳೆಸುವುದನ್ನು ಅಣ್ಣನೂ ಕಲಿಯಲಿ. ಗಂಡುಮಕ್ಕಳು ಮಾಡಬಾರದ ಕೆಲಸವೇನಲ್ಲ ಅದು.

ಕಾಗದಪತ್ರಗಳ ವಿಷಯ ಹೆಚ್ಚು ಬರೆಯುವುದಿಲ್ಲ. ನಿಮ್ಮಪ್ಪ ತೀರಿಕೊಂಡ ಮೇಲೆ ವಂಶವೃಕ್ಷ, ಪೌತಿ ಖಾತೆ ಎಂದು ನಾಡಕಚೇರಿಗೆ ಅಲೆದದ್ದು ಸಾಕಾಗಿದೆ. ಪಹಣಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಉಯಿಲು, ಬ್ಯಾಂಕಿನ ಪುಸ್ತಕ ಎಲ್ಲವೂ ಬೀರುವಿನ ಮೇಲಿನ ಖಾನೆಯಲ್ಲಿವೆ. ಬ್ಯಾಂಕಿನಲ್ಲಿ ಅಣ್ಣ ನಾಮಿನಿ ಎಂದ ಮಾತ್ರಕ್ಕೆ ಹಣ ಅವನೊಬ್ಬನದೇ ಅಲ್ಲ, ಅವನು ಅದನ್ನು ಪಡೆದು ಹಂಚುವವನು ಮಾತ್ರ. ಇದನ್ನು ಅವನಿಗೂ ಹೇಳಿದ್ದೇನೆ. ಮರಣವನ್ನು 21 ದಿನದೊಳಗೆ ನೋಂದಾಯಿಸಿಬಿಡಿ.

ನನ್ನ ಕಣ್ಣುಗಳನ್ನು ಕೊಡಿ. ಆರು ಗಂಟೆಯೊಳಗೆ ತೆಗೆಯಬೇಕಾಗುತ್ತದೆ, ಆದ್ದರಿಂದ ಅಳು ಬಂದರೂ ಮೊದಲು ನೇತ್ರ ಬ್ಯಾಂಕಿಗೆ ಫೋನು ಮಾಡಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿಯಿಟ್ಟು ಫ್ಯಾನು ಆರಿಸಿ. ನಮ್ಮ ತೋಟದಲ್ಲೇ ನಿಮ್ಮಪ್ಪನ ಪಕ್ಕದಲ್ಲಿ ಮಣ್ಣು ಮಾಡಿ. ಹನ್ನೊಂದನೆಯ ದಿನದ ತಿಥಿಗೆ ಸಾಲ ಮಾಡಬೇಡಿ.

ನಿರ್ದೇಶನದ ಒಂದು ಪ್ರತಿಯನ್ನು ಇದರ ಜೊತೆಗೇ ಕಳಿಸಿದ್ದೇನೆ. ಹಬ್ಬಕ್ಕೆ ಬಂದಾಗ ಅಣ್ಣನನ್ನೂ ಕೂರಿಸಿಕೊಂಡು ಮೂವರೂ ಒಮ್ಮೆ ಓದೋಣ. ನಿನಗೆ ಒಪ್ಪಿಗೆಯಾಗದ ಮಾತಿದ್ದರೆ ಹೇಳು, ಜಗಳವನ್ನಾದರೂ ಆಡು, ಆದರೆ ಈ ಸಲ ಎದ್ದು ಒಳಗೆ ಹೋಗಬೇಡ.

ಇಂತಿ,
ನಿನ್ನ ಅಮ್ಮ