ಮಣ್ಣಿನ ವಾಸನೆ ಎಳ್ಕೊಂಡು ಬಂದ ಬಾಲ್ಯ

ಸಂಪಾದಕರೇ,

ಮೊನ್ನೆ ಸಂಜೆ ಮಳೆ ನಿಂತ ಮೇಲೆ ಸುಮ್ನೆ ಒಂದು ರೌಂಡ್ ವಾಕಿಂಗ್ ಹೋಗಿದ್ದೆ, ಹಸಿ ಮಣ್ಣಿನ ವಾಸನೆ ಮೂಗಿಗೆ ಬಡೀತು ನೋಡಿ, ಕಾಲು ಅಲ್ಲೇ ನಿಂತ್ಬಿಡ್ತು. ಏಳೋ ಎಂಟೋ ವರ್ಷ ಇದ್ದಾಗ ಕಿತ್ತೋದ ಚಪ್ಪಲಿ ಕೈಲಿ ಹಿಡ್ಕೊಂಡು, ಬೆರಳ ಸಂದೀಲಿ ಕೆಸರು ಪಿಚಪಿಚ ಅಂತಿದ್ರೂ ಲೆಕ್ಕಕ್ಕೇ ತಗೊಳ್ದೆ ಓಡ್ತಿದ್ದಿದ್ದು, ಕತ್ತಲಾಯ್ತು ಬಾರೋ ಅಂತ ಅಮ್ಮ ಬಾಗಿಲಲ್ಲಿ ನಿಂತು ಕೂಗ್ತಿದ್ದಿದ್ದು, ಎಲ್ಲಾ ಈಗ್ಲೇ ನಡೀತಿದೆಯೇನೋ ಅನ್ನೋ ಹಾಗೆ ಬಂತು. ಅಮ್ಮ ಈಗಿಲ್ಲ. ಆದ್ರೂ ಆ ಧ್ವನಿ ಅಷ್ಟು ಸ್ಪಷ್ಟ.

ಮನೆಗೆ ಬಂದು ಓದಿದೆ. ಮಣ್ಣಲ್ಲಿರೋ ಬ್ಯಾಕ್ಟೀರಿಯಾಗಳು ತಯಾರಿಸೋ ಜಿಯೋಸ್ಮಿನ್ ಅನ್ನೋ ವಸ್ತುವಿಂದ ಈ ವಾಸನೆ ಬರುತ್ತಂತೆ, ಒಣ ನೆಲಕ್ಕೆ ಮಳೆ ಬಿದ್ದಾಗಿನ ಘಮಕ್ಕೆ 1964ರಲ್ಲಿ ಆಸ್ಟ್ರೇಲಿಯಾದಲ್ಲಿ ಇಬ್ರು ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ರು. ನೋಡಿದ್ದು ಕೇಳಿದ್ದು ಮೆದುಳಲ್ಲಿ ಥಲಾಮಸ್ ಅನ್ನೋ, ಸುದ್ದಿ ಮುಂದಕ್ಕೆ ದಾಟಿಸೋ ಭಾಗನ ದಾಟ್ಕೊಂಡು ಹೋಗ್ಬೇಕು, ವಾಸನೆಗೆ ಮಾತ್ರ ಭಾವನೆ, ನೆನಪುಗಳ ಜಾಗಕ್ಕೆ ಹತ್ತಿರದ ದಾರಿ ಇದೆ, ಅದಕ್ಕೇ ಫೋಟೋ ನೋಡಿದ್ರೆ ಬರದೇ ಇರೋ ಅಳು ಒಂದು ವಾಸನೆಗೆ ಬಂದ್ಬಿಡುತ್ತೆ.

ನಿಮ್ಮ ಓದುಗರಲ್ಲಿ ಒಂದೇ ವಿನಂತಿ, ಸಂಜೆ ಹೊರಗೆ ಹೋಗುವಾಗ ಫೋನು ಇಯರ್‌ಫೋನು ಮನೇಲೇ ಬಿಡಿ, ಆದ್ರೆ ಮಕ್ಕಳನ್ನ ಬಿಡ್ಬೇಡಿ, ಕೈಹಿಡಿದು ಕರ್ಕೊಂಡು ಹೋಗಿ. ಕೆಸರು ತುಳಿದ್ರೆ ಬೈಬೇಡಿ, ಕಾಲು ತೊಳೆದ್ರೆ ಹೋಗುತ್ತೆ. ನಾನಂತೂ ನಾಳೆ ಮೊಮ್ಮಗಳ ಜೊತೆ ಹೊರಟಿದೀನಿ.

ಇಂತಿ,
ನಿಮ್ಮ ಓದುಗ