ಸ್ವಿಚ್ ಡಬ್ಬಿ ಬಾಗಿಲಿಗೆ ಒಂದು ಪೋರ್ಟ್ ಪಟ್ಟಿ ಅಂಟಿಸ್ರಪ್ಪ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಓದುಗರ ಕಾಲಂನಲ್ಲಿ ‘ಸರ್ವರ್ ಡೌನ್ ಅಂತ ವಾಪಸ್ ಕಳಿಸಿದ್ರು’ ಅನ್ನೋ ಪತ್ರ ಆಗಾಗ ಬರ್ತಾನೇ ಇರುತ್ತೆ, ಓದಿ ಓದಿ ಸುಮ್ನಿರಕ್ಕಾಗದೆ ಇದನ್ನ ಬರೀತಿದೀನಿ. ನಾನು ದಾವಣಗೆರೆಯಲ್ಲಿ ನೆಟ್‌ವರ್ಕ್ ಸರ್ವಿಸ್ ಕೆಲಸ ಮಾಡೋನು. ಹರಿಹರ, ಚನ್ನಗಿರಿ, ಜಗಳೂರು, ಕರೆದ್ರೆ ಚಿತ್ರದುರ್ಗಕ್ಕೂ ಹೋಗ್ತೀನಿ, ಜಿಲ್ಲೆ 1997ರಲ್ಲಿ ಬೇರೆ ಆದ್ರೂ ನಮ್ಮಂಥವರ ಓಡಾಟ ಬೇರೆ ಆಗಿಲ್ಲ. ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿರೋ ಸಣ್ಣ ಸರ್ವರ್, ಸ್ವಿಚ್ಚು (ಲೈಟ್ ಸ್ವಿಚ್ಚಲ್ಲ, ಕಂಪ್ಯೂಟರ್ ವೈರೆಲ್ಲಾ ಬಂದು ಸೇರೋ ಡಬ್ಬ, ವೈರು ಚುಚ್ಚೋ ತೂತಿಗೆ ಪೋರ್ಟ್ ಅಂತಾರೆ), ಕ್ಯಾಮೆರಾ ಲೈನು ಇವೇ ನನ್ನ ಹೊಟ್ಟೆಪಾಡು. ಸರ್ವರ್ ನಿಜವಾಗ್ಲೂ ಬಿದ್ದಿರೋ ದಿನ ಇರಲ್ಲ ಅಂತ ಹೇಳ್ತಿಲ್ಲ. ಆದ್ರೆ ನಾನು ಹೋಗಿ ನೋಡಿದ ಕಡೆ ಎಷ್ಟೋ ಸಲ ಬೆಂಗಳೂರಿನ ಸರ್ವರ್ ಚೆನ್ನಾಗೇ ಇರುತ್ತೆ, ಕೆಟ್ಟಿರೋದು ಅದೇ ಕಚೇರಿ ಮೂಲೆಯಲ್ಲಿ ಗೋಡೆಗೆ ನೇತುಹಾಕಿರೋ ಸ್ವಿಚ್ ಡಬ್ಬಿಯಲ್ಲಿ, ಮತ್ತೆ ಆ ಡಬ್ಬಿಯಲ್ಲಿ ಯಾವ ವೈರು ಎಲ್ಲಿಗೆ ಹೋಗುತ್ತೆ ಅಂತ ಬರೆದಿಟ್ಟ ಒಂದು ಹಾಳೆ ಸಿಗಲ್ಲ. ನನ್ನ ತಕರಾರು ಪೂರ್ತಿ ಆ ಒಂದು ಹಾಳೆದು.

ವಿಲ್ಯಾನ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಒಂದೇ ಸ್ವಿಚ್ಚು, ಒಂದೇ ಕೇಬಲ್ಲು, ಅದರಲ್ಲೇ ಲೆಕ್ಕಪತ್ರದ ಕಂಪ್ಯೂಟರ್ ಬೇರೆ, ಸಿಸಿ ಕ್ಯಾಮೆರಾ ಬೇರೆ, ಬಂದೋರಿಗೆ ಕೊಡೋ ವೈಫೈ ಬೇರೆ ಅಂತ ಮೂರು ನೆಟ್‌ವರ್ಕ್ ಓಡಿಸೋ ಉಪಾಯ ಇದು. ನಮ್ಮ ಎಪಿಎಂಸಿಯಲ್ಲಿ ಒಂದೇ ಲಾರಿಗೆ ನಾಲ್ಕು ಅಂಗಡಿಯ ಮೆಕ್ಕೆಜೋಳ ಹೇರಿದ್ರೂ ಚೀಲದ ಮೇಲಿನ ಮಾರ್ಕ್ ನೋಡಿ ಹಮಾಲರು ಇಳಿಸ್ತಾರಲ್ಲ, ಹಂಗೆ. ಇಲ್ಲಿ ಮಾರ್ಕ್‌ಗೆ ಟ್ಯಾಗ್ ಅಂತಾರೆ, 802.1ಕ್ಯೂ ಅನ್ನೋ ಸ್ಟ್ಯಾಂಡರ್ಡು 1998ರಲ್ಲಿ ಬಂತು, ಪ್ರತಿ ಫ್ರೇಮಿಗೂ (ವೈರಲ್ಲಿ ಹೋಗೋ ಮಾಹಿತಿಯ ಒಂದೊಂದು ಕಂತೆ) 4 ಬೈಟ್ ಸೇರಿಸುತ್ತೆ, ಅದರಲ್ಲಿ 12 ಬಿಟ್ ವಿಲ್ಯಾನ್ ನಂಬರ್‌ಗೆ, 1ರಿಂದ 4094ರವರೆಗೆ ಯಾವುದಾದ್ರೂ ಇಟ್ಕೋಬಹುದು. ಕಂಪ್ಯೂಟರ್ ಚುಚ್ಚೋ ಪೋರ್ಟ್‌ಗೆ ಟ್ಯಾಗ್ ಇಲ್ಲದೆ ಕೊಡ್ತಾರೆ, ಸ್ವಿಚ್ಚಿಂದ ಸ್ವಿಚ್ಚಿಗೆ ಅಥವಾ ಲಿನಕ್ಸ್ ಬಾಕ್ಸ್‌ಗೆ ಹೋಗೋ ಟ್ರಂಕ್‌ನಲ್ಲಿ, ಅಂದ್ರೆ ಎಲ್ಲಾ ನೆಟ್‌ವರ್ಕೂ ಒಟ್ಟಿಗೆ ಹೋಗೋ ಲೈನಲ್ಲಿ, ಟ್ಯಾಗ್ ಹಾಕಿ ಕಳಿಸ್ತಾರೆ. ಯಾವ ನಂಬರ್‌ಗೆ ಟ್ಯಾಗ್ ಇದೆ, ಯಾವುದಕ್ಕೆ ಇಲ್ಲ ಅಂತ ಎರಡೂ ತುದಿಯಲ್ಲಿ ಒಂದೇ ಥರ ಇರಬೇಕು. ಇಲ್ಲ ಅಂದ್ರೆ ದೀಪ ಮಿಣಕ್ ಮಿಣಕ್ ಅಂತಾನೇ ಇರುತ್ತೆ, ಕೆಲಸ ಮಾತ್ರ ನಡೆಯಲ್ಲ.

ಹೋದ ಮಳೆಗಾಲದಲ್ಲಿ ಒಂದು ಸಹಕಾರಿ ಸಂಘದಲ್ಲಿ ಇದೇ ಆಯ್ತು, ಹೆಸರು ಬೇಡ. ರಾತ್ರಿ ಗುಡುಗು ಸಿಡಿಲಿಗೆ ಸ್ವಿಚ್ ಸುಟ್ಟುಹೋಗಿ ಎಎಂಸಿಯವನು (ವರ್ಷದ ಲೆಕ್ಕದಲ್ಲಿ ರಿಪೇರಿ ಕರಾರು ಹಿಡಿದೋನು) ಬೆಳಿಗ್ಗೆ ಹೊಸದು ತಂದು ಹಾಕಿ ಎಲ್ಲಾ ವೈರು ಚುಚ್ಚಿ ಹೋಗಿದ್ದ. ಮ್ಯಾನೇಜರ್ ರೂಮಲ್ಲಿ ಇಂಟರ್ನೆಟ್ ಬರ್ತಿದೆ, ಹೊರಗೆ ಕೌಂಟರ್‌ನಲ್ಲಿ ಒಂದು ಪಾಸ್‌ಬುಕ್ಕೂ ಓಪನ್ ಆಗ್ತಿಲ್ಲ, ಕ್ಯಾಮೆರಾ ಪರದೆ ಪೂರ್ತಿ ಕಪ್ಪು. ಎಎಂಸಿಯವನ ತೀರ್ಪು ಏನಂದ್ರೆ ‘ಸರ್ವರ್ ಹೋಗೈತೆ, ಬೆಂಗಳೂರಿಗೆ ಕಳಿಸ್ಬೇಕು’. ನಾನು ಹೋದಾಗ ಅಲ್ಲಿನ ಹಿರಿಯ ಗುಮಾಸ್ತರು ‘ಏನ್ ತಮ್ಮಾ, ದೀಪ ಎಲ್ಲಾ ಉರೀತಾವಲ್ಲ, ಮತ್ತೇನ್ ರೋಗ ಇದಕ್ಕೆ’ ಅಂದ್ರು. ‘ದೀಪ ಉರಿಯೋದು ವೈರಿನ ಲೆಕ್ಕ ಯಜಮಾನ್ರೆ, ಒಳಗೆ ಹೋಗೋ ನಂಬರ್ ಲೆಕ್ಕ ಬೇರೆ’ ಅಂದು ಅವರ ಸರ್ವರ್ ಆಗಿದ್ದ ಲಿನಕ್ಸ್ ಬಾಕ್ಸ್ ಮುಂದೆ ಕೂತೆ.

ನೋಡೋ ಕ್ರಮ ಏನೂ ಗುಟ್ಟಲ್ಲ. ಮೊದಲು ‘ಐಪಿ ಮೈನಸ್ ಡಿ ಲಿಂಕ್’ ಅನ್ನೋ ಕಮಾಂಡ್ ಕೊಟ್ರೆ ಯಾವ ವಿಲ್ಯಾನ್ ಇಂಟರ್ಫೇಸ್ ಯಾವ ನೆಟ್‌ವರ್ಕ್ ಕಾರ್ಡಿನ ಮೇಲೆ ಕೂತಿದೆ, ನಂಬರ್ ಎಷ್ಟು ಅಂತ ತೋರಿಸುತ್ತೆ. ಅಲ್ಲಿ ಎಲ್ಲಾ ಸರಿಯಿತ್ತು, ಕೌಂಟರ್‌ಗೆ 30, ಕ್ಯಾಮೆರಾಗೆ 20. ಆಮೇಲೆ ಟಿಸಿಪಿಡಂಪ್, ವೈರಲ್ಲಿ ಏನು ಹೋಗ್ತಾ ಬರ್ತಾ ಇದೆ ಅಂತ ತೋರಿಸೋ ಕಮಾಂಡು, ಅದನ್ನ ಅಸಲಿ ಕಾರ್ಡಿನ ಮೇಲೆ, ಅಂದ್ರೆ ಈಥ್0 ಮೇಲೆ, ‘ಮೈನಸ್ ಇ’ ಹಾಕಿ ಓಡಿಸ್ಬೇಕು. ತುಂಬಾ ಹುಡುಗರು ಈಥ್0.30, ಅಂದ್ರೆ 30ರ ವಿಲ್ಯಾನ್ ಇಂಟರ್ಫೇಸ್ ಮೇಲೆ ಓಡಿಸಿ ಟ್ಯಾಗೇ ಕಾಣ್ತಿಲ್ಲ ಅಂತಾರೆ, ಅಲ್ಲಿಗೆ ಬರೋಷ್ಟರಲ್ಲಿ ಟ್ಯಾಗ್ ಕಿತ್ತಾಗಿರುತ್ತೆ, ಎಲ್ಲಿಂದ ಕಾಣಬೇಕು. ಫಿಲ್ಟರ್ ಹಾಕೋದಿದ್ರೆ ವಿಲ್ಯಾನ್ ಅನ್ನೋದು ಮೊದಲು ಬರಬೇಕು, ಆಮೇಲೆ ಎಆರ್‌ಪಿನೋ (ಈ ಅಡ್ರೆಸ್ ಯಾರ್ದು ಅಂತ ಕಂಪ್ಯೂಟರ್ ಕೂಗಿ ಕೇಳೋದು) ಇನ್ನೊಂದೋ, ಯಾಕಂದ್ರೆ ಆ ಪದ ಬಂದ ಮೇಲೇ ಅದು 4 ಬೈಟ್ ಮುಂದೆ ಹೋಗಿ ಓದಕ್ಕೆ ಶುರು ಮಾಡೋದು. ನಾನಂತೂ ಮೊದಲು ಫಿಲ್ಟರ್ ಇಲ್ಲದೇನೇ ನೋಡ್ತೀನಿ.

ಪರದೆ ಮೇಲೆ ಕಂಡಿದ್ದು ಇಷ್ಟು. ಸರ್ವರ್ರು ಕೌಂಟರ್ ಕಂಪ್ಯೂಟರ್‌ನ ಹುಡುಕ್ಕೊಂಡು ಕೂಗ್ತಿದೆ, ಆ ಎಆರ್‌ಪಿ ಸಾಲಿನಲ್ಲಿ ವಿಲ್ಯಾನ್ 30 ಅಂತ ಇದೆ, ಉತ್ತರ ಇಲ್ಲ. ಎರಡು ಸಾಲು ಕೆಳಗೆ ಅದೇ ಕೌಂಟರ್ ಕಂಪ್ಯೂಟರ್ ಸರ್ವರ್‌ನ ಹುಡುಕ್ಕೊಂಡು ಕೂಗ್ತಿದೆ, ಅದರಲ್ಲಿ ಟ್ಯಾಗೇ ಇಲ್ಲ. ಹೊಸ ಸ್ವಿಚ್ಚು ಕಂಪನಿಯಿಂದ ಬಂದಂಗೇ ಇದೆ, ಎಲ್ಲಾ ಪೋರ್ಟೂ ವಿಲ್ಯಾನ್ 1ರಲ್ಲಿ, 30 ಅಂತ ಬಂದಿದ್ದನ್ನ ಅದು ಬಿಸಾಕ್ತಿದೆ. ಸರ್ವರ್‌ಗೆ ಏನೂ ಆಗಿಲ್ಲ.

ಇಷ್ಟು ಗೊತ್ತಾಗಕ್ಕೆ ಹೊತ್ತು ಬೇಕಾಗ್ಲಿಲ್ಲ ಸ್ವಾಮಿ. ಹೊತ್ತು ಹೋಗಿದ್ದು ಮುಂದಿನ ಕೆಲಸಕ್ಕೆ. 24 ಪೋರ್ಟಲ್ಲಿ ಯಾವುದು ಕೌಂಟರು, ಯಾವುದು ಕ್ಯಾಮೆರಾ, ಮೇಲಿನ ಮಹಡಿಯ ಇನ್ನೊಂದು ಸ್ವಿಚ್ಚಿಗೆ ಹೋಗೋದು ಯಾವುದು, ಕೇಳಿದ್ರೆ ಎಲ್ರೂ ಒಬ್ಬರ ಮುಖ ಒಬ್ಬರು ನೋಡ್ತಾರೆ. ಮೊದಲು ಇದನ್ನೆಲ್ಲಾ ಕೂರಿಸಿದವನ ಫೋನ್ ಸ್ವಿಚ್ ಆಫ್. ಸರ್ವರ್ ವೈರನ್ನ ‘ಇಥ್‌ಟೂಲ್ ಮೈನಸ್ ಪಿ’ ಕೊಟ್ಟು ಕಾರ್ಡಿನ ದೀಪ ಮಿನುಗಿಸಿ ಹಿಡಿದೆ, ಮಿಕ್ಕಿದ್ದಕ್ಕೆ ಸ್ವಿಚ್ಚಲ್ಲಿ ಯಾವ ಮ್ಯಾಕ್ ಅಡ್ರೆಸ್ (ಒಂದೊಂದು ಕಾರ್ಡಿನ ಗುರುತಿನ ನಂಬರು) ಯಾವ ಪೋರ್ಟಲ್ಲಿದೆ ಅಂತ ನೋಡ್ತಾ, ಅದೂ ಆಗದ ಕಡೆ ಒಂದೊಂದೇ ವೈರು ಕಿತ್ತು ‘ಯಾರ್ದು ಹೋತು’ ಅಂತ ಕೂಗಿಸ್ತಾ ಸಂಜೆ ಆಯ್ತು. ಬೆಳಿಗ್ಗೆಯಿಂದ ಬಿತ್ತನೆ ದುಡ್ಡಿಗೆ ಅಂತ ಬಂದು ಮೆಟ್ಟಿಲ ಮೇಲೆ ಕೂತಿದ್ದ ರೈತರಲ್ಲಿ ಅರ್ಧ ಜನ ಕೊನೇ ಬಸ್ಸಿಗೆ ಎದ್ದು ಹೋಗಿದ್ರು. ಡಬ್ಬಿ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ರೆ ಹತ್ತೂವರೆಗೆ ಕೌಂಟರ್ ಶುರು ಆಗ್ತಿತ್ತು.

ಬ್ರಿಡ್ಜ್ ವಿಷಯಕ್ಕೆ ಬಂದ್ರೆ ಇನ್ನೂ ಗೋಜಲು. ಲಿನಕ್ಸ್ ಬ್ರಿಡ್ಜ್ ಅಂದ್ರೆ ಸಾಫ್ಟ್‌ವೇರ್‌ನಲ್ಲೇ ಇರೋ ಸ್ವಿಚ್ಚು, ಒಂದೇ ಮಿಷಿನ್‌ನಲ್ಲಿ ಎರಡು ಮೂರು ವರ್ಚುವಲ್ ಮಿಷಿನ್ (ಸಾಫ್ಟ್‌ವೇರ್‌ನಲ್ಲೇ ಮಾಡಿದ ಕಂಪ್ಯೂಟರ್) ಓಡಿಸೋ ಕಡೆ ಇದು ಬೇಕೇ ಬೇಕು. ಕಾರ್ಡನ್ನ ಬ್ರಿಡ್ಜ್‌ಗೆ ಸೇರಿಸಿದ ಮೇಲೆ ಐಪಿ ಅಡ್ರೆಸ್ಸು ಬ್ರಿಡ್ಜ್ ಮೇಲೆ ಇರಬೇಕು, ಕಾರ್ಡಿನ ಮೇಲೆ ಬಿಟ್ರೆ ಕೆಲವು ಪಿಂಗ್ (ಆ ಕಡೆ ಇದೀಯಾ ಅಂತ ಕೇಳೋದು) ಹೋಗ್ತಾವೆ ಕೆಲವು ಹೋಗಲ್ಲ, ತಲೆ ಕೆಡುತ್ತೆ. ವಿಲ್ಯಾನ್‌ನ ಬ್ರಿಡ್ಜ್ ಜೊತೆ ಬಳಸಕ್ಕೆ ಎರಡು ದಾರಿ ಇದೆ, ಒಂದೊಂದು ನಂಬರ್‌ಗೆ ಒಂದೊಂದು ಬ್ರಿಡ್ಜ್ ಮಾಡೋ ಹಳೇ ದಾರಿ, ಇಲ್ಲಾ ಒಂದೇ ಬ್ರಿಡ್ಜ್ ಇಟ್ಟು ವಿಲ್ಯಾನ್ ಫಿಲ್ಟರಿಂಗ್ ಆನ್ ಮಾಡೋದು, ಇದು 2013ರಲ್ಲಿ ಬಂದ 3.9 ಕರ್ನಲ್‌ನಿಂದ (ಲಿನಕ್ಸ್‌ನ ತಿರುಳು) ಇದೆ. ಎರಡರಲ್ಲಿ ಯಾವುದಾದ್ರೂ ಒಂದು ಹಿಡೀರಿ, ಎರಡನ್ನೂ ಕಲಸಿದ್ರೆ ಸತ್ರಿ. ಈಥ್0 ಬ್ರಿಡ್ಜ್ ಒಳಗಿದ್ದು ಅದರ ಮೇಲೇ ಈಥ್0.30 ಅಂತಾನೂ ಮಾಡಿದ್ರೆ 30ರ ಫ್ರೇಮ್‌ಗಳನ್ನ ಆ ವಿಲ್ಯಾನ್ ಇಂಟರ್ಫೇಸೇ ಎತ್ಕೊಂಡು ಹೋಗುತ್ತೆ, ಬ್ರಿಡ್ಜ್‌ಗೆ ಮುಟ್ಟೋದೇ ಇಲ್ಲ. ಫಿಲ್ಟರಿಂಗ್ ದಾರಿ ಹಿಡಿದೋರು ಮರೆಯೋದು ಇನ್ನೊಂದು, ಕಾರ್ಡಿಗೆ 30 ಕೊಡ್ತಾರೆ, ವರ್ಚುವಲ್ ಮಿಷಿನ್ ಪೋರ್ಟ್‌ಗೂ ಕೊಡ್ತಾರೆ, ಬ್ರಿಡ್ಜ್‌ಗೆ ಅಂತ ‘ಸೆಲ್ಫ್’ ಹಾಕಿ ಬೇರೆ ಕೊಡ್ಬೇಕು ಅನ್ನೋದು ಬಿಟ್ಬಿಡ್ತಾರೆ. ಆಗ ವರ್ಚುವಲ್ ಮಿಷಿನ್ ಹೊರಗೆ ಮಾತಾಡುತ್ತೆ, ತಾನು ಕೂತಿರೋ ಹೋಸ್ಟ್ ಜೊತೆ ಮಾತ್ರ ಆಡಲ್ಲ. ‘ಬ್ರಿಡ್ಜ್ ವಿಲ್ಯಾನ್ ಶೋ’ ಕೊಟ್ರೆ ಎಲ್ಲಾ ಕಾಣುತ್ತೆ.

ಡಾಕರ್ (ಒಂದೊಂದು ಸಾಫ್ಟ್‌ವೇರ್‌ನ ಬೇರೆ ಬೇರೆ ಡಬ್ಬಿಯಲ್ಲಿಟ್ಟಂಗೆ ಓಡಿಸೋ ಸಾಫ್ಟ್‌ವೇರು) ಅದರದ್ದು ಬೇರೆ ಗೋಳು. ಇನ್ನೊಂದು ಕಚೇರಿಯಲ್ಲಿ ವರ್ಚುವಲ್ ಮಿಷಿನ್ ಮೇಲೆ ಹಾಜರಿ ಸಾಫ್ಟ್‌ವೇರ್ ಓಡ್ತಿತ್ತು, ಯಾರೋ ಹುಡುಗ ಅದೇ ಹೋಸ್ಟ್ ಮೇಲೆ ಡಾಕರ್ ಇನ್‌ಸ್ಟಾಲ್ ಮಾಡಿದ್ದಾನೆ, ಅವನ ಕೆಲಸ ಆಯ್ತು, ಹಾಜರಿ ಸಾಫ್ಟ್‌ವೇರ್ ನೆಟ್‌ವರ್ಕ್ ಸತ್ತೋಯ್ತು. ಸ್ವಿಚ್ಚು ಬದಲಾಯಿಸಿದ್ರು, ಕೇಬಲ್ ಬದಲಾಯಿಸಿದ್ರು, ದುಡ್ಡು ಹಾಳು. ವರ್ಚುವಲ್ ಮಿಷಿನ್ ಕಡೆ ಟಿಸಿಪಿಡಂಪ್ ಹಾಕಿದ್ರೆ ಪ್ಯಾಕೆಟ್ ಕಾಣುತ್ತೆ, ಈಥ್0 ಕಡೆ ಹಾಕಿದ್ರೆ ಇಲ್ಲ, ಅಂದ್ರೆ ಮಧ್ಯದಲ್ಲೇ ಯಾರೋ ತಿಂತಿದಾರೆ. 1.13 ವರ್ಷನ್‌ನಿಂದ ಡಾಕರ್ರು ಐಪಿಟೇಬಲ್ಸ್‌ನ (ಲಿನಕ್ಸ್‌ನ ಫೈರ್‌ವಾಲ್) ಫಾರ್ವರ್ಡ್ ಪಾಲಿಸಿಯನ್ನ ‘ಡ್ರಾಪ್’ಗೆ, ಅಂದ್ರೆ ದಾಟಿಸಬೇಡ ಬಿಸಾಕು ಅನ್ನೋದಕ್ಕೆ, ಬದಲಾಯಿಸ್ಬಿಡುತ್ತೆ, ಜೊತೆಗೆ ಬಿಆರ್ ನೆಟ್‌ಫಿಲ್ಟರ್ ಮಾಡ್ಯೂಲ್ ಲೋಡ್ ಆಗಿದ್ರೆ ಬ್ರಿಡ್ಜ್ ಮೂಲಕ ಹೋಗೋ ಐಪಿ ಪ್ಯಾಕೆಟ್ಟೂ ಅದೇ ಐಪಿಟೇಬಲ್ಸ್ ಬಾಗಿಲಿಗೆ ಬಂದು ಬೀಳುತ್ತೆ. ಆ ಬ್ರಿಡ್ಜ್‌ಗೆ ಬಿಡು ಅಂತ ಒಂದು ರೂಲ್ ಬರೆದ್ರೆ ಮುಗೀತು. ಇದರಲ್ಲಿ ಆ ಹುಡುಗನ್ನ ಬೈಯೋದು ಸರಿಯಲ್ಲ, ಆ ಮಿಷಿನ್ ಮೇಲೆ ಬ್ರಿಡ್ಜ್ ಇದೆ, ಇಂಥದ್ದು ಓಡ್ತಿದೆ ಅಂತ ಅವನಿಗೆ ಹೇಳೋ ಕಾಗದ ಎಲ್ಲಿತ್ತು?

ಲೂಪ್, ಅಂದ್ರೆ ಒಂದು ವೈರು ಸುತ್ತಿ ಬಂದು ಅದೇ ಸ್ವಿಚ್ಚಿಗೆ ಸೇರೋದು, ಅದರ ಬಗ್ಗೆ ಎರಡು ಮಾತು. ಸುಣ್ಣ ಬಣ್ಣ ಹೊಡೆಯೋಕೆ ಬಂದೋರು ಜೋತಾಡ್ತಿದ್ದ ವೈರಿನ ತುದಿಯನ್ನ ಪಾಪ ಅಂತ ಅದೇ ಸ್ವಿಚ್ಚಿನ ಖಾಲಿ ತೂತಿಗೆ ಚುಚ್ಚಿ ಹೋಗ್ತಾರೆ, ಎಲ್ಲಾ ದೀಪ ಒಟ್ಟಿಗೆ ಹುಚ್ಚು ಹಿಡಿದಂಗೆ ಮಿನುಗುತ್ತೆ, ಕಟ್ಟಡ ಪೂರ್ತಿ ಬಂದ್. ಇದಕ್ಕೆ ಅಂತಾನೇ ರೇಡಿಯಾ ಪರ್ಲ್‌ಮನ್ ಅನ್ನೋ ಹೆಣ್ಣುಮಗಳು 1985ರಲ್ಲಿ ಸ್ಪ್ಯಾನಿಂಗ್ ಟ್ರೀ ಅಂತ, ಸುತ್ತು ಬೀಳೋ ದಾರಿಯನ್ನ ತಾನೇ ಮುಚ್ಚೋ ಉಪಾಯ ಕಂಡುಹಿಡಿದ್ರು, ಆದ್ರೆ ಲಿನಕ್ಸ್ ಬ್ರಿಡ್ಜ್‌ನಲ್ಲಿ ಅದು ತಾನಾಗೇ ಆನ್ ಇರಲ್ಲ. ಆನ್ ಮಾಡಿದ್ರೆ ಪೋರ್ಟ್ ತೆರೆಯೋದು ಸುಮಾರು 30 ಸೆಕೆಂಡ್ ಲೇಟು, ಅಷ್ಟರಲ್ಲಿ ಕೆಲವು ಕಂಪ್ಯೂಟರ್ ಐಪಿ ಕೇಳಿ ಕೇಳಿ ಬಿಟ್ಬಿಡ್ತಾವೆ, ಅದನ್ನೂ ‘ಸರ್ವರ್ ಇಲ್ಲ’ ಅಂತಾನೇ ಹೇಳ್ತಾರೆ. ಸಣ್ಣ ಪೇಜ್ ಓಪನ್ ಆಗಿ ದೊಡ್ಡ ಫೈಲ್ ಮಾತ್ರ ಅರ್ಧಕ್ಕೆ ನಿಂತ್ರೆ ಟ್ಯಾಗ್‌ನ ಆ 4 ಬೈಟ್ ಮೇಲೆ ಅನುಮಾನ ಇಡಿ, 1518 ಬೈಟ್ ಇದ್ದ ಫ್ರೇಮು 1522 ಆಗಿರುತ್ತೆ, ಮಧ್ಯದಲ್ಲಿರೋ ಹಳೇ ಡಬ್ಬ ಯಾವುದೋ ಅದನ್ನ ನುಂಗ್ತಿರುತ್ತೆ.

ಈಗ ಕೇಳೋದು ಕೇಳ್ಬಿಡ್ತೀನಿ. 2016ರಲ್ಲೇ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಗೆ ಬಂದ ಊರು ನಮ್ದು, ಕ್ಯಾಮೆರಾ ವೈಫೈ ಅಂತ ಎಲ್ಲಾ ಕಡೆ ವೈರು ಎಳೆದಾಗಿದೆ. ಸರ್ಕಾರಿ ಕಚೇರಿ ಇರಲಿ, ಸೊಸೈಟಿ ಇರಲಿ, ನರ್ಸಿಂಗ್ ಹೋಮ್ ಇರಲಿ, ನೆಟ್‌ವರ್ಕ್ ಕೆಲಸಕ್ಕೆ ಟೆಂಡರ್ ಕರೆಯೋರು ಸ್ವಿಚ್ ಎಷ್ಟು ಪೋರ್ಟಿಂದು, ವಾರಂಟಿ ಎಷ್ಟು ವರ್ಷ ಅಂತ ಎಲ್ಲಾ ಬರೀತಾರೆ, ಪೋರ್ಟ್ ಪಟ್ಟಿ ಕೊಡದೆ ಕೊನೇ ಬಿಲ್ ಪಾಸಾಗಲ್ಲ ಅಂತ ಒಂದು ಸಾಲು ಮಾತ್ರ ಬರೆಯಲ್ಲ. ಆ ಒಂದು ಸಾಲು ಸೇರಿಸಿ. ಪೋರ್ಟ್ ನಂಬರು, ಎಲ್ಲಿಗೆ ಹೋಗುತ್ತೆ, ಯಾವ ವಿಲ್ಯಾನ್, ಟ್ಯಾಗ್ ಇದೆಯೋ ಇಲ್ಲವೋ, ಲಿನಕ್ಸ್ ಬಾಕ್ಸಲ್ಲಿ ಯಾವ ಬ್ರಿಡ್ಜ್ ಯಾವುದಕ್ಕೆ, ಇಷ್ಟೇ, ಒಂದು ಹಾಳೆಗೆ ಹಿಡಿಸುತ್ತೆ. ಸ್ವಿಚ್ಚಿನ ಸೆಟ್ಟಿಂಗ್ಸ್ ಬ್ಯಾಕಪ್ ಒಂದು ಪೆನ್‌ಡ್ರೈವ್‌ನಲ್ಲಿ ಕಚೇರಿಯವರ ಹತ್ರಾನೇ ಇರಲಿ, ಸುಟ್ಟ ದಿನ ಅದೇ ಮಾಡೆಲ್ ತಂದು ಲೋಡ್ ಮಾಡಿದ್ರೆ ಆಯ್ತು.

ನಮ್ಮ ಎಎಂಸಿ ಬಂಧುಗಳಿಗೆ ಇದು ರುಚಿಸಲ್ಲ ಅಂತ ಗೊತ್ತು. ಪಟ್ಟಿ ಕೊಟ್ರೆ ನಾಳೆ ಬೇರೆಯವನು ಬಂದು ಕೆಲಸ ಮಾಡ್ತಾನೆ, ತಮ್ಮ ಹಿಡಿತ ತಪ್ಪುತ್ತೆ ಅನ್ನೋ ಹೆದರಿಕೆ, ಬಾಯಲ್ಲಿ ಮಾತ್ರ ಸೆಕ್ಯೂರಿಟಿ ಅಂತಾರೆ. ವಿಲ್ಯಾನ್ ನಂಬರ್ ಏನು ಪಾಸ್‌ವರ್ಡಾ? ಪಾಸ್‌ವರ್ಡ್ ಬೇರೆ ಕವರ್‌ನಲ್ಲಿ ಹಾಕಿ ಸೀಲ್ ಮಾಡಿ ಮ್ಯಾನೇಜರ್ ಬೀರುವಿನಲ್ಲಿ ಇಡ್ರಿ, ಪಟ್ಟಿಯನ್ನ ಡಬ್ಬಿ ಬಾಗಿಲ ಒಳಮೈಗೆ ಅಂಟಿಸಿ ಬೀಗ ಹಾಕ್ರಿ.

ಕಲಿಯೋ ಹುಡುಗರಿಗೂ ಒಂದು ಮಾತು. ಊರಲ್ಲಿ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರಿಂದ ಇದೆ, ಆಮೇಲೆ ಬಂದ ಕಾಲೇಜು, ಪಾಲಿಟೆಕ್ನಿಕ್‌ಗಳೂ ಇದಾವೆ, ಇದನ್ನ ಕಲಿಯೋಕೆ ಲಕ್ಷಗಟ್ಟಲೆ ಸ್ವಿಚ್ ಬೇಕಾಗಿಲ್ಲ. ಹಳೇ ಪಿಸಿಗೆ ಲಿನಕ್ಸ್ ಹಾಕಿ, ‘ಐಪಿ ನೆಟ್‌ಎನ್‌ಎಸ್’ ಅಂತ ನಾಲ್ಕು ಸುಳ್ಳು ಕಂಪ್ಯೂಟರ್ ಮಾಡ್ಕೊಂಡು, ವೀಥ್ ಅನ್ನೋ ಸುಳ್ಳು ಕೇಬಲ್‌ನಲ್ಲಿ ಬ್ರಿಡ್ಜ್‌ಗೆ ಕಟ್ಟಿ, ಬೇಕು ಅಂತಾನೇ ಒಂದು ಟ್ಯಾಗ್ ತಪ್ಪು ಹಾಕಿ ಗೆಳೆಯನಿಗೆ ಹುಡುಕು ಅಂತ ಕೊಡ್ರಿ. ಒಂದು ರೂಪಾಯಿ ಖರ್ಚಿಲ್ಲ. ಹಂಗೆ ಕಲಿತು ಬಂದೋರಿಗೆ ನಮ್ಮಲ್ಲೇ ಕೆಲಸ ಇದೆ, ಬೆಂಗಳೂರಿಗೇ ಹೋಗ್ಬೇಕು ಅಂತಿಲ್ಲ.

ತುಂಬಾ ಕಡೆ ಎಎಂಸಿ ಕರಾರು ಏಪ್ರಿಲ್‌ಗೆ ಹೊಸದಾಗುತ್ತೆ. ಈ ಸಲ ಸಹಿ ಹಾಕೋ ಮುಂಚೆ ಆ ಡಬ್ಬಿ ಬಾಗಿಲು ತೆಗೆಸಿ ಒಂದು ಸಲ ನೋಡಿ, ಪಟ್ಟಿ ಇಲ್ಲ ಅಂದ್ರೆ ಬರೆಸಿಕೊಂಡೇ ಸಹಿ ಹಾಕಿ ಅಂತ ನಿಮ್ಮ ಪತ್ರಿಕೆ ಮೂಲಕ ಕಚೇರಿಗಳ ಮುಖ್ಯಸ್ಥರನ್ನ, ಸೊಸೈಟಿ ಅಧ್ಯಕ್ಷರನ್ನ ಕೇಳ್ಕೋತೀನಿ.

ಇಂತಿ,
ನಿಮ್ಮ ಓದುಗ,
ವಿದ್ಯಾನಗರ, ದಾವಣಗೆರೆ